ಜ್ವರ ಬಂದ ಪಿಟೂನಿಯಾ

ಎಪ್ಪತ್ತರ ದಶಕದಲ್ಲಿ ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದಾಗ ನಮ್ಮ ಪ್ರಿನ್ಸಿಪಾಲರಿಗೆ ಪಿಟೂನಿಯಾ ಹುಚ್ಚು ಹಿಡಿದಿತ್ತು. ಅಂಚೆಯಲ್ಲಿ ಬೀಜ ತರಿಸಿದ್ದರು: ನೇರಳೆ ಹೂವು, ಅದರಲ್ಲಿ ನಕ್ಷತ್ರದ ಹಾಗೆ ಐದು ಬಿಳಿ ಪಟ್ಟೆ. ಚಳಿಗಾಲದಲ್ಲೂ ನಮ್ಮೂರ ಬಿಸಿಲಿಗೆ ಅಂಥ ಗಿಡ ಬದುಕಿಸುವುದು ಹುಡುಗಾಟವಲ್ಲ. ಕುರುಗೋಡಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಮಾಲಿ ಬದುಕಿಸಿದ್ದ. ಆ ಹೂವು ಊರಿನ ಫಲಪುಷ್ಪ ಪ್ರದರ್ಶನದಲ್ಲಿ ಗೆದ್ದರೆ ಅವನ ಕೆಲಸ ಕಾಯಂ ಎಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು.

ಪ್ರದರ್ಶನಕ್ಕೆ ಎರಡು ದಿನ ಇರುವಾಗ ಒಂದು ಕುಂಡದಲ್ಲಿ ಪಟ್ಟೆ ಮಾಯವಾಗಿ ಹೊಸ ಹೂವೆಲ್ಲ ಪೂರ್ತಿ ನೇರಳೆಯಾಗಿ ಅರಳಿದವು. ಪ್ರಿನ್ಸಿಪಾಲರು ಕೆಂಡವಾದರು.

"ಒಳ್ಳೇ ಸಸಿ ಮಾರ್ಕೊಂಡು ಇದನ್ನ ತಂದಿಟ್ಟೀಯೇನಲೇ?"

"ಇಲ್ರಿ ಸಾಹೇಬ್ರ, ಗಿಡ ಅದೇ ಐತ್ರಿ. ಎಲಿ ಹೆಂಗ ಸುಕ್ಕಾಗ್ಯಾವ ನೋಡ್ರಿ. ಅದಕ್ಕ ಆರಾಮಿಲ್ರಿ."

"ಆರಾಮಿಲ್ಲಂದ್ರ ಬಣ್ಣ ಹೋಗ್ತೈತಿ. ಬರ್ತೈತೇನು?"

"ಜ್ವರ ಬಂದ್ರ ಮಾರಿ ಕೆಂಪಾಗಂಗಿಲ್ಲೇನ್ರಿ?"

ಸುತ್ತ ನಿಂತಿದ್ದ ಅಧ್ಯಾಪಕರೆಲ್ಲ ನಕ್ಕರು. ನಾನೂ ನಕ್ಕೆ. ಹಿಂದಿನ ವಾರ ಅದೇ ಗಿಡದಲ್ಲಿ ಪಟ್ಟೆ ಹೂವು ಇದ್ದದ್ದನ್ನು ನಾನೇ ಕಂಡಿದ್ದೆ. ಕುಂಡದ ಮೇಲೆ ನಂಬರು ಬರೆದವನೂ ನಾನೇ. ಮಾಲಿ ನನ್ನ ಮುಖ ನೋಡಿದ. ರೋಗದಿಂದ ಬಣ್ಣ ಬರುತ್ತದೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ ಎಂಬುದು ಸಾಕ್ಷಿ ನುಡಿಯದ್ದಕ್ಕೆ ನನ್ನ ನೆಪ. ನಿಜ ಹೇಳಬೇಕೆಂದರೆ ಪ್ರಿನ್ಸಿಪಾಲರಿಗೆ ಹೆದರಿದ್ದೆ. ಅಂದೇ ಅವನನ್ನು ಕೆಲಸದಿಂದ ತೆಗೆದರು. ಆ ಗಿಡವನ್ನು ಕಿತ್ತು ತಿಪ್ಪೆಗೆ ಎಸೆದೆ.

ನಿವೃತ್ತಿಯ ಹೊತ್ತಿಗೆ ಒಂದು ಲೇಖನ ಓದಿದೆ. ಹೂವಿನ ಬಿಳಿ ಪಟ್ಟೆಯಲ್ಲೂ ಬಣ್ಣದ ಜೀನ್ ಇದ್ದೇ ಇರುತ್ತದಂತೆ. ಅದು ಬರೆದು ಕಳಿಸುವ ಆರ್‌ಎನ್‌ಎ ಎಂಬ ಓಲೆಯನ್ನು ಗಿಡವೇ ದಾರಿಯಲ್ಲಿ ಹಿಡಿದು ಕತ್ತರಿಸಿಹಾಕುತ್ತದೆ, ಅದಕ್ಕೇ ಅಲ್ಲಿ ಬಣ್ಣ ಹುಟ್ಟುವುದಿಲ್ಲ. ಕೆಲವು ವೈರಸ್‌ಗಳು ಒಳಹೊಕ್ಕರೆ ಕತ್ತರಿಸುವ ಆ ಕೈಯನ್ನೇ ಕಟ್ಟಿಹಾಕುತ್ತವೆ. ಆಗ ಪಟ್ಟೆಗೂ ಬಣ್ಣ ಬರುತ್ತದೆ. ಗಿಡಕ್ಕೆ ನಿಜವಾಗಿಯೂ ಜ್ವರ ಬಂದಿತ್ತು!

ಹುಡುಕಿಕೊಂಡು ಕುರುಗೋಡಿಗೆ ಹೋದೆ. ಮುದುಕನಾಗಿದ್ದ ಮಾಲಿ ಕಟ್ಟೆಯ ಮೇಲೆ ಕೂರಿಸಿ ಚಹಾ ತರಿಸಿದ. ಓಲೆ, ಕತ್ತರಿ, ವೈರಸ್ಸು, ಎಲ್ಲವನ್ನೂ ಪಾಠದಂತೆ ವಿವರಿಸಿದೆ. ತಾಳ್ಮೆಯಿಂದ ಕೇಳಿದ.

"ಇಷ್ಟೆಲ್ಲ ಯಾಕ ಬೇಕಿತ್ರಿ ಸರ? ಗಿಡ ಅದೇ ಅಂತ ನಿಮಗ ಗೊತ್ತಿತ್ತು. ಅವತ್ತ ಅಷ್ಟು ಹೇಳಿದ್ರ ಸಾಕಿತ್ತು," ಎಂದ. ಆಮೇಲೆ ಲೋಟವನ್ನು ನನ್ನ ಕಡೆ ಸರಿಸಿದ. "ಕುಡೀರಿ, ಚಾ ಆರ್ತೈತಿ."