ಕಾಲರಿನೊಳಗಿನ ನಂಬರು

ದರ್ಜಿ ಅಕ್ಕನ ತಮ್ಮನಿಗೆ ಮೂವತ್ತೆರಡು ವರ್ಷ. ಹುಟ್ಟಿನಿಂದಲೇ ಬುದ್ಧಿ ನಿಧಾನ, ಮಾತು ಇನ್ನೂ ನಿಧಾನ. ಎಲ್ಲಾದರೂ ತಪ್ಪಿಸಿಕೊಂಡರೆ ಗತಿಯೇನೆಂದು ಅವಳು ಅವನ ಒಂಬತ್ತು ಅಂಗಿಗಳ ಕಾಲರಿನೊಳಗೂ ತನ್ನ ಫೋನ್ ನಂಬರಿನ ಪಟ್ಟಿ ಹೊಲಿದಿದ್ದಳು.

ಆರು ತಿಂಗಳಿಂದ ಅವನನ್ನು ಲಾಂಡ್ರಿ ಕೆಲಸಕ್ಕೆ ಬಿಟ್ಟು, ಸಂಜೆ ಕರೆತರುತ್ತಿದ್ದವಳೂ ಅವಳೇ. "ಇನ್ಮೇಲೆ ಒಬ್ನೇ ಓಡಾಡ್ಲಿ ಬಿಡಿ" ಎಂದು ಲಾಂಡ್ರಿಯ ಒಡತಿ ಹಟ ಹಿಡಿದಿದ್ದಕ್ಕೆ ಇವತ್ತು ಮೊದಲ ಸಲ ಒಬ್ಬನೇ ಹೋಗಿದ್ದ. ಒಡತಿಗೇನು, ಹೇಳಿಬಿಟ್ಟಳು, ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಕೂತವಳು ಇವಳು.

ಐದೂವರೆಗೆ ಬರಬೇಕಾದವನು ಆರಾದರೂ ಬರಲಿಲ್ಲ. ಸುಮ್ಮನೆ ಕೂರಲಾಗದೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣಕ್ಕೆಂದು ಡ್ರಾಯರ್ ಎಳೆದಳು. ಒಳಗೆ ನಂಬರಿನ ಪಟ್ಟಿಗಳು! ಎಣಿಸಿದಳು: ಒಂಬತ್ತು. ಒಂದೆಳೆಯೂ ಹರಿಯದ ಹಾಗೆ ಬಿಚ್ಚಿದ್ದ ತಮ್ಮ. ಅಷ್ಟು ನಾಜೂಕು ಅವಳ ಕೈಗೂ ಇರಲಿಲ್ಲ. ಯಾರ ಕೈಗಾದರೂ ಸಿಕ್ಕರೆ ಇವನು ಯಾರ ಮನೆಯವನೆಂದು ತಿಳಿಯುವುದು ಹೇಗೆ?

ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವನದು ಮೆಟ್ಟಿಕೊಂಡು ಬಸ್ ಸ್ಟಾಪಿಗೆ ಓಡಿದಳು. ಎರಡು ಬಸ್ಸು ಬಂದು ಹೋದವು. ಮೂರನೆಯದರಿಂದ ತಮ್ಮ ಆರಾಮಾಗಿ ಇಳಿದ.

"ರಶ್ ಇತ್ತು. ಎರಡು ಬಸ್ ಬಿಟ್ಟೆ."

"ನಂಬರ್ ಯಾಕೋ ಕಿತ್ತೆ? ಕಳೆದುಹೋಗಿದ್ರೆ ಏನ್ ಮಾಡ್ತಿದ್ದೆ?"

ಅವನು ಎಂದಿನಂತೆ ನಿಧಾನವಾಗಿ ಯೋಚಿಸಿದ.

"ಲಾಂಡ್ರೀಲಿ ನಂಬರ್ ಹಾಕೋದು ಬಟ್ಟೆಗೆ ಅಕ್ಕಾ. ಯಾರದ್ದು ಅಂತ ಗೊತ್ತಾಗ್ಲಿ ಅಂತ. ನಾನು ಅಲ್ಲಿ ಕೆಲಸದೋನು."