ಅವ್ವನ ಮಂಡಿ ಮತ್ತು ಜರಿಯಂಚು

ತಪ್ಪು ನನ್ನದೇ. ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಡಾಕ್ಟರನ್ನು ನಿಶ್ಚಿಂತೆಯಿಂದ ಬೈಯಬಹುದು.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗದ ಗುಂಡಿಗೆ ಕಾಲಿಳಿಸಿ ತುಳಿಯುವವಳು ಅವ್ವ. ಅವಳ ಬಲಮಂಡಿ ಊದಿ, ತುಳಿಯುವುದಿರಲಿ, ಗುಂಡಿಯಿಂದ ಎದ್ದು ಬರಲೂ ನನ್ನ ಹೆಗಲು ಬೇಕಾಯಿತು. ಚಳ್ಳಕೆರೆಯ ಆಸ್ಪತ್ರೆಗೆ ಕರೆದೊಯ್ದೆ. ಪರ ಊರಿಗೆ ಹೊರಟರೆ ಅವಳಿಗೆ ಇರುವ ಒಂದೇ ರೇಷ್ಮೆ ಸೀರೆ ಬೇಕು. "ನೇಯ್ದೋಳೇ ಉಡದಿದ್ರೆ ಇನ್ಯಾರಲೇ ಉಡ್ತಾರೆ?" ಹೀಗೆ ಮಂಡಿನೋವಿಗೂ ಬೆಳ್ಳಿಜರಿಯ ಅಂಚು.

ಡಾಕ್ಟರು ಕಾಲಿನತ್ತ ಕಣ್ಣೂ ಹಾಯಿಸದೆ ಎಕ್ಸ್‌ರೇ ಬರೆದುಕೊಟ್ಟರು. ಅಲ್ಲಿಗೇ ನನಗೆ ರೇಗಿತ್ತು. ಎಕ್ಸ್‌ರೇ ಕೋಣೆಯಲ್ಲಿ ಅವ್ವ ಸೀರೆಯನ್ನು ಮಂಡಿಚಿಪ್ಪಿನ ಮೇಲಕ್ಕೆ ಒಂದಿಷ್ಟೇ ಸರಿಸಿ ನಿಲ್ಲಿಸಿದಳು.

"ಇನ್ನೂ ಮೇಲಕ್ಕೆ ತಗೊಳಮ್ಮ" ಎಂದ ಟೆಕ್ನಿಷಿಯನ್. ಅವ್ವ ನಾಚಿ ಗೋಡೆ ನೋಡಿದಳು. ಪರದೆಯಾಚೆ ನಿಂತಿದ್ದ ನಾನು, ಸಿಟ್ಟಿಗೋ, ಕಂಡವರ ದನಿ ಅಣಕಿಸುವ ಚಟಕ್ಕೋ, ಡಾಕ್ಟರ ಮೂಗುದನಿ ತೆಗೆದು, "ಅಷ್ಟು ಸಾಕಪ್ಪ, ಬೇಗ ತೆಗಿ" ಎಂದೆ. ಅವನು ತೆಗೆದೇಬಿಟ್ಟ.

ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಮೂಳೆ ಚೆನ್ನಾಗಿದೆ. ಊತ ಏನೂ ಕಾಣಲ್ಲ. ವಯಸ್ಸಾಯ್ತಲ್ಲ."

ರಾಗಿಮುದ್ದೆಯ ಹಾಗೆ ಊದಿದ ಮಂಡಿ ಅವರಿಂದ ಒಂದು ಮೊಳ ದೂರದಲ್ಲಿತ್ತು. ನೆನೆದರೆ ಈಗಲೂ ಮೈ ಉರಿಯುತ್ತದೆ.

"ಕಾಣಲ್ವಾ? ಬಸ್ಸಲ್ಲಿ ದಾರಿಯುದ್ದಕ್ಕೂ ಹಲ್ಲು ಕಚ್ಕಂಡು ಬಂದಾಳೆ. ಕೈ ಇಟ್ಟು ನೋಡ್ರಿ, ಕಾಣ್ತೈತೆ."

"ಫಿಲ್ಮಲ್ಲಿ ಇಲ್ಲದ್ದನ್ನ ನಾನೆಲ್ಲಿಂದ ತರ್ಲಿ?"

"ನಿಮ್ಮ ಕೈಗೇನು ಬಾಡಿಗೆ ಕೊಡ್ಬೇಕಾ?"

ನನ್ನ ಕೂಗಾಟ ಕೇಳಿ ಟೆಕ್ನಿಷಿಯನ್ ಓಡಿ ಬಂದ. ಫಿಲ್ಮಿನಲ್ಲಿ ಚಿಪ್ಪಿನ ಮೇಲ್ಗಡೆ ಅಡ್ಡಲಾಗಿದ್ದ ಬಿಳಿಪಟ್ಟಿಗೆ ಬೆರಳಿಟ್ಟ. "ಸರ್, ಇದು ಸೀರೆ ಜರಿ. ಒಳಗೆ ನೀರು ತುಂಬಿದ್ರೆ ಉಬ್ಬಿದ ನೆರಳು ಕಾಣೋದು ಇಲ್ಲೇ, ಅದೇ ಜಾಗ ಮುಚ್ಚೈತೆ. ನಾನು ಮೇಲೆತ್ತಿಸ್ತಿದ್ದೆ. ಸಾಕು ಅಂದೋರು ನೀವೇ."

"ನಾನಾ? ಯಾವಾಗ?"

ಸಿಟ್ಟಿನಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಷ್ಟು ಸಾಕಪ್ಪ" ಎಂದೆ, ಅದೇ ಮೂಗುದನಿಯಲ್ಲಿ.

ಡಾಕ್ಟರು ಎದ್ದುನಿಂತು ಪೊಲೀಸ್ ಎಂದರು. ನಾನು ಕರೀರಿ ಎಂದೆ, ಬಂದ ಪೊಲೀಸಪ್ಪನ ದನಿಯನ್ನೂ ತೆಗೀತೀನಿ ಎಂದೆ. ಅವ್ವ ಮಾತ್ರ ಕೂತಲ್ಲಿಂದಲೇ ಸೀರೆಯನ್ನು ಮಂಡಿಯ ಮೇಲಕ್ಕೆ ಸರಸರ ಎಳೆದುಕೊಂಡಳು.

"ಸಾಕು ಮಾಡ್ರಿ ಇಬ್ರೂ. ಇವನು ನಿಮ್ಮ ದನಿ ತೆಗ್ದ, ನೀವು ನನ್ನ ಸೀರೆ ಫೋಟೋ ತೆಗ್ಸಿದ್ರಿ. ಮಂಡಿ ಇಲ್ಲೇ ಐತೆ, ಯಾರಾದ್ರೂ ಒಬ್ರು ಮುಟ್ಟಿ ನೋಡ್ರಿ."