ಕಾಜಿಯಾಳ ಒಂದೇ ಪೆಟ್ಟಿಗೆ

ತೊರೂನ್ ಊರಿನಲ್ಲಿ ಕಾಜಿಯಾ ಆಡದ ಆಟವೇ ಇರಲಿಲ್ಲ! ವಿಸ್ವಾ ನದಿ ಹೆಪ್ಪುಗಟ್ಟಿದರೆ ಅದರ ಮೇಲೆ ಸ್ಕೇಟಿಂಗ್, ಕರಗಿದರೆ ಅದೇ ನದಿಯಲ್ಲಿ ದೋಣಿ ಪಂದ್ಯ, ಬೇಸಿಗೆಗೆ ಡಿಸ್ಕಸ್ ಎಸೆತ, ಮಳೆ ಹಿಡಿದರೆ ಶಾಲೆಯ ಹಾಲ್‌ನಲ್ಲಿ ಬ್ಯಾಸ್ಕೆಟ್‌ಬಾಲ್. ಎಲ್ಲದರಲ್ಲೂ ಪದಕ! ಆದರೆ "ನೀನು ಯಾವ ಆಟದವಳು?" ಎಂದು ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತಿದ್ದಳು. ಹೊರಗೆ ಯಾವ ಕಾಲವೋ ಅದೇ ಅವಳ ಆಟ.

ಮಹಾಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಗಂಡ ವಿತೆಕ್ ಕೆನಡಾ ಸೇರಿದ. ಇಲ್ಲಿ ನಮ್ಮ ದೇಶದವರದೇ ಒಂದು ಆಟದ ಕ್ಲಬ್ ಇದೆ, ಒಬ್ಬರನ್ನು ಒಂದು ಆಟಕ್ಕೆ ಮಾತ್ರ ಸೇರಿಸಿಕೊಳ್ಳುತ್ತಾರೆ, ತೀರ್ಮಾನ ಮಾಡಿಕೊಂಡು ಬಾ ಎಂದು ಬರೆದ. ಇವಳ ಬಳಿ ಇದ್ದದ್ದೂ ಒಂದೇ ಸಣ್ಣ ಪೆಟ್ಟಿಗೆ.

ಹೊರಡುವ ದಿನ ಡಿಸ್ಕಸ್ ತುಂಬಿಕೊಂಡು ಬೀದಿಯ ತಿರುವಿನವರೆಗೆ ಹೋದಳು. ಕೆನಡಾದಲ್ಲಿ ಬರೀ ಹಿಮವಂತೆ, ಅಲ್ಲವೇ? ವಾಪಸ್ ಬಂದಳು. ಬಾಗಿಲು ದಾಟಿದವರು ಮರೆತದ್ದಕ್ಕೆಂದು ಮರಳಿದರೆ ಒಂದು ಗಳಿಗೆ ಕೂತೇ ಹೋಗಬೇಕು, ಇಲ್ಲದಿದ್ದರೆ ಪ್ರಯಾಣ ಕೆಟ್ಟಂತೆ ಎಂಬುದು ಆ ಊರಿನ ನಂಬಿಕೆ. ಅಮ್ಮ ಸ್ಟೂಲ್ ತಳ್ಳಿದಳು. ಡಿಸ್ಕಸ್ ಹೊರಗೆ, ಸ್ಕೇಟ್ಸ್ ಒಳಗೆ. ಮತ್ತೆ ಹೊರಟಳು, ಮತ್ತೆ ಬಂದಳು, ಮತ್ತೆ ಕೂತಳು. ಮೆಟ್ಟಿಲ ಮೇಲೆ ಪೈಪು ಸೇದುತ್ತಿದ್ದ ಪಕ್ಕದ ಮನೆಯ ಝೆನೋನ್ ಬಿಡುತ್ತಾನೆಯೇ!

"ಏನಮ್ಮಾ, ಕೆನಡಾಕ್ಕೆ ಹೋಗ್ತಿದ್ದೀಯೋ, ಸ್ಟೂಲ್ ಕಾಯೋ ಕೆಲಸಕ್ಕೆ ಸೇರಿದ್ದೀಯೋ?"

ಮೂರನೆಯ ಸಲ ಬಂದಾಗ ಅವಳಿಗೆ ಅಳುವೇ ಬಂತು. "ಅಮ್ಮಾ, ನಾನು ಅಲ್ಲಿ ಏನಾಗ್ಲಿ? ನೀನೇ ಹೇಳು."

"ನಂಗೇನೇ ಗೊತ್ತು? ನೀನು ಎಸೆಯೋದು, ಜಾರೋದು ನೋಡಿ ನೋಡಿ ನಂಗೂ ತಲೆ ಕೆಟ್ಟಿದೆ. ಮೊದ್ಲು ಕೂತ್ಕೋ."

ಕೂತಳು. ಅಮ್ಮನೂ ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ನದಿಯಾಚೆಯ ಸ್ಟೇಷನ್ನಿನಲ್ಲಿ ರೈಲು ಕೂಗಿತು. ಕಾಜಿಯಾ ಅಮ್ಮನ ಕೆನ್ನೆಗೆ ಮುತ್ತಿಟ್ಟು ಎದ್ದವಳೇ ಓಡಿದಳು! ಸೇತುವೆಯ ನಡುವೆ ನೋಡಿಕೊಂಡರೆ ಕೈ ಖಾಲಿ. ಟಿಕೆಟ್ಟು, ಪಾಸ್‌ಪೋರ್ಟು ಕೋಟಿನ ಜೇಬಿನಲ್ಲಿವೆ, ಪೆಟ್ಟಿಗೆ ಮಾತ್ರ ಸ್ಟೂಲ್ ಬಳಿಯೇ. ತಿರುಗಿ ಹೋದರೆ ಮತ್ತೆ ಕೂರಬೇಕು. ಕೂತರೆ ರೈಲೂ ಇಲ್ಲ, ಹಡಗೂ ಇಲ್ಲ. ಒಂದು ಕ್ಷಣ ಎರಡೂ ದಡ ನೋಡಿದಳು. ಆಮೇಲೆ ಸ್ಟೇಷನ್ ಕಡೆಗೇ ಓಡಿದಳು.

ಕೆನಡಾದ ಬಂದರಿನಲ್ಲಿ ವಿತೆಕ್ ಕೇಳಿದ, "ಪೆಟ್ಟಿಗೆ ಎಲ್ಲೇ? ಕೊನೆಗೆ ಯಾವ ಆಟ ತುಂಬ್ಕೊಂಡೆ?"

"ಅದೇ ಕಣೋ, ನೆನಪಾಗ್ತಿಲ್ಲ!"

ಮರುವಾರ ಕ್ಲಬ್ಬಿನಲ್ಲೂ ಅದೇ ಪ್ರಶ್ನೆ. ಕಾಜಿಯಾ ತಬ್ಬಿಬ್ಬಾಗಿ ಕಿಟಕಿಯತ್ತ ನೋಡಿದಳು. ಹೊರಗೆ ಹಿಮ ಬೀಳುತ್ತಿತ್ತು.

"ಇವತ್ತಿಗೆ ಸ್ಕೇಟಿಂಗ್ ಅಂತ ಹಾಕ್ಕೊಳ್ಳಿ," ಎಂದಳು. "ಹಿಮ ಕರಗ್ಲಿ, ಆಮೇಲೆ ಮತ್ತೆ ಬಂದು ಹೇಳ್ತೀನಿ."